ಕಬಾಬಿನ ಸಂಜೆ: ಏನು ತಿನ್ನಬೇಕು, ಎಷ್ಟು ಹೊತ್ತಿಗೆ ತಿನ್ನಬೇಕು

ಬಕ್ರೀದ್ ಮುಗಿದ ಮೂರನೆಯ, ನಾಲ್ಕನೆಯ ದಿನ ಕೊಪ್ಪಳದ ನನ್ನ ದವಾಖಾನೆಗೆ ಬರುವವರ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಎದೆಯುರಿ, ಹೊಟ್ಟೆ ಉಬ್ಬರ, ಎರಡು ದಿನದಿಂದ ಮಲಬದ್ಧತೆ. ಇಲ್ಲವೇ ಅದಕ್ಕೆ ತದ್ವಿರುದ್ಧವಾಗಿ ನಿಲ್ಲದ ಭೇದಿ. "ಏನು ತಿಂದಿರಿ?" ಎಂದು ಕೇಳಿದರೆ, "ಹೆಚ್ಚೇನಿಲ್ಲ ಡಾಕ್ಟರ್ ಸಾಬ್, ಮನೆಯವರೆಲ್ಲ ಸೇರಿದ್ದೆವು. ಮಾಳಿಗೆ ಮೇಲೆ ಕಬಾಬ್ ಸುಟ್ಟೆವು" ಎನ್ನುತ್ತಾರೆ.

ಹೀಗೆ ಸೇರುವುದು ಒಳ್ಳೆಯದೇ. ಗಂಗಾವತಿಯಲ್ಲಿರುವ ಮಗಳು, ಯಲಬುರ್ಗಾದಲ್ಲಿರುವ ಅತ್ತೆ, ಬೆಂಗಳೂರಿನಲ್ಲಿ ದುಡಿಯುವ ತಮ್ಮ ಎಲ್ಲರೂ ಒಂದೇ ಅಂಗಳದಲ್ಲಿ ಕೂಡುವುದು ವರ್ಷಕ್ಕೆ ಒಂದೆರಡು ಸಲ. ಬಂಧುತ್ವವನ್ನು ಉಳಿಸಿಕೊಳ್ಳುವುದು ನಮಗೆ ಧರ್ಮವೂ ಹೌದು. ಕೆಂಡದ ಸುತ್ತ ಕುಳಿತು ತಿನ್ನುವ ಊಟದಷ್ಟು ಮಾತಾಡಿಸುವ ಊಟ ಬೇರೊಂದಿಲ್ಲ. ಆದರೆ ಈ ಊಟಕ್ಕೆ ಅಡುಗೆಮನೆಯ ಊಟಕ್ಕಿಂತ ಹೆಚ್ಚು ಸಿದ್ಧತೆ ಬೇಕು. ಈ ಸಲದ ಹಬ್ಬಕ್ಕೆ ನೀವು ಅಂಥ ಸಂಜೆಯೊಂದನ್ನು ಇಟ್ಟುಕೊಂಡಿದ್ದರೆ, ಮಾಂಸಕ್ಕೆ ಮಸಾಲೆ ಹಚ್ಚುವ ಮೊದಲು ಇದನ್ನೊಮ್ಮೆ ಓದಿ.

ನಮ್ಮ ಮನೆಯಲ್ಲಿ ಆದದ್ದು

ನಾಲ್ಕು ವರ್ಷದ ಹಿಂದಿನ ಮಾತು. ಹಬ್ಬದ ಎರಡನೆಯ ದಿನ ಕುಷ್ಟಗಿಯ ಅಬ್ಬಾನ ಮನೆಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸೇರಿದ್ದೆವು. ಕಬಾಬಿನ ಹೊಣೆ ನಾನೇ ಹೊತ್ತೆ. ಅಮ್ಮಿ, "ಮಗ್ರಿಬ್‌ಗೆ ಮೊದಲೇ ಇದ್ದಿಲು ಹೊತ್ತಿಸು" ಎಂದರು. ನಾನು, "ಅರ್ಧ ಗಂಟೆಯ ಕೆಲಸ" ಎಂದೆ. ಹಿಂದಿನ ದಿನದ ಮಳೆಗೆ ಇದ್ದಿಲು ಹಸಿಯಾಗಿತ್ತು. ಹೊಗೆ ಬಂತೇ ಹೊರತು ಕೆಂಡವಾಗಲಿಲ್ಲ. ಮೊದಲ ಸೀಖ್ ಕೆಳಗಿಳಿದಾಗ ರಾತ್ರಿ ಒಂಬತ್ತು ಕಾಲು.

ಯಲಬುರ್ಗಾದಿಂದ ಬಂದಿದ್ದ ನಮ್ಮ ಫುಪ್ಪುಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. "ಸಂಜೆ ಕಬಾಬ್ ಇದೆಯಲ್ಲ" ಎಂದು ಮಧ್ಯಾಹ್ನ ಅರ್ಧ ರೊಟ್ಟಿ ತಿಂದು ಎದ್ದಿದ್ದರು. "ಊಟ ಇನ್ನೇನು ಬಂತು" ಎಂದು ಏಳೂವರೆಗೆ ಎಂದಿನಂತೆ ಮಾತ್ರೆ ನುಂಗಿದರು. ಒಂಬತ್ತರ ಹೊತ್ತಿಗೆ ಕುರ್ಚಿಯಲ್ಲಿ ಬೆವೆತು ಕುಳಿತಿದ್ದನ್ನು ನಾವೆಲ್ಲ ಸೆಕೆ ಎಂದುಕೊಂಡೆವು. ತಂಗಿಯ ಮಗಳು ಹತ್ತಿರ ಹೋದಾಗ ಅವಳನ್ನು ಅವಳ ಅಮ್ಮಿಯ ಹೆಸರಿನಿಂದ ಕರೆದರಂತೆ. ಹುಡುಗಿ ಓಡಿಬಂದು, "ಮಾಮು, ಫುಪ್ಪು ಹೇಗೋ ಮಾತಾಡ್ತಿದ್ದಾರೆ" ಎಂದಳು. ರಕ್ತದ ಸಕ್ಕರೆ ಇಳಿದುಹೋಗಿತ್ತು. ನೀರಿಗೆ ಸಕ್ಕರೆ ಕದಡಿ ಕುಡಿಸಿದೆವು. ಹದಿನೈದು ನಿಮಿಷಕ್ಕೆ ಚೇತರಿಸಿಕೊಂಡರು.

ಮನೆಯಲ್ಲಿ ವೈದ್ಯನಿದ್ದೂ ಹೀಗಾಯಿತು. ಮಾಂಸ ಚೆನ್ನಾಗಿತ್ತು, ಮಸಾಲೆ ಚೆನ್ನಾಗಿತ್ತು, ಕೆಟ್ಟದ್ದು ಹೊತ್ತು ಮಾತ್ರ. ಅಂದಿನಿಂದ ನಾನು ಊಟದ ಪಟ್ಟಿಯ ಪಕ್ಕದಲ್ಲಿ ಗಡಿಯಾರದ ಪಟ್ಟಿಯನ್ನೂ ಬರೆಯುತ್ತೇನೆ.

ಹಕೀಮರ ಆರು ಮಾತು

ಯುನಾನಿ ವೈದ್ಯದಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂಬುದಿದೆ. ಆರೋಗ್ಯ ಉಳಿಯಲು ಅಥವಾ ಕೆಡಲು ಕಾರಣವಾಗುವ ಆರು ಅನಿವಾರ್ಯ ಸಂಗತಿಗಳು ಎಂದು ಅರ್ಥ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೊರಹೋಗಬೇಕಾದುದು ಹೋಗುವುದು. ಕಬಾಬಿನ ಸಂಜೆಯಲ್ಲಿ ಈ ಆರೂ ಏರುಪೇರಾಗುತ್ತವೆ. ಹೊಗೆಯ ಗಾಳಿ, ಮಿತಿಮೀರಿದ ಊಟ, ಕೆಂಡದ ಮುಂದೆ ಮೂರು ತಾಸು ನಿಲ್ಲುವ ಒಬ್ಬರು, "ಇನ್ನೂ ಆಗಲಿಲ್ಲವೇ" ಎಂಬ ಸಿಡಿಮಿಡಿ, ನಡುರಾತ್ರಿಯ ನಿದ್ದೆ, ಮರುದಿನದ ಮಲಬದ್ಧತೆ. ಆದ್ದರಿಂದ ಪಟ್ಟಿ ಮಾಡುವಾಗ ಎರಡನೆಯದಾದ ಅನ್ನಪಾನವನ್ನಷ್ಟೇ ನೋಡಿದರೆ ಸಾಲದು.

ಇನ್ನೊಂದು ವಿಷಯ. ಯುನಾನಿ ಪ್ರಕಾರ ಪ್ರತಿ ಆಹಾರಕ್ಕೂ ಒಂದು ಮಿಜಾಜ್, ಅಂದರೆ ಪ್ರಕೃತಿ ಇದೆ. ಮಾಂಸದ ಮಿಜಾಜ್ ಬಿಸಿ. ಅದನ್ನು ನೀರಿನಲ್ಲಿ ಬೇಯಿಸದೆ ಕೆಂಡದ ಮೇಲೆ ಸುಟ್ಟಾಗ ತೇವ ಇಳಿದು ಖುಷ್ಕಿ ಹೆಚ್ಚುತ್ತದೆ. ಬಿಸಿಯ ಆಹಾರದ ಜೊತೆ ಅದನ್ನು ತಿದ್ದುವ ತಂಪಿನದೊಂದು ಇರಬೇಕು. ಅದಕ್ಕೆ 'ಮುಸ್ಲಿಹ್' ಎನ್ನುತ್ತೇವೆ. ಸವತೆಕಾಯಿ, ಹಸಿ ಕೊತ್ತಂಬರಿ, ಲಿಂಬೆ, ಮೊಸರು ಇವೇ ಕಬಾಬಿನ ಮುಸ್ಲಿಹ್. ತಟ್ಟೆಯ ಅಂಚಿಗೆ ಅಲಂಕಾರಕ್ಕೆ ಎರಡು ತುಣುಕು ಇಟ್ಟರೆ ಪ್ರಯೋಜನವಿಲ್ಲ. ತಟ್ಟೆಯ ಅರ್ಧ ಭಾಗ ಇವೇ ಇರಬೇಕು.

ನಮ್ಮ ಕಡೆಯ ಬಿಸಿಲನ್ನೂ ಮರೆಯಬೇಡಿ. 2025ರಲ್ಲಿ ಬಕ್ರೀದ್ ಜೂನ್ 7ಕ್ಕೆ ಬಂದಿತ್ತು. ಚಂದ್ರನ ಲೆಕ್ಕದ ವರ್ಷ ಸುಮಾರು 11 ದಿನ ಕಡಿಮೆಯಾದ್ದರಿಂದ ಹಬ್ಬ ವರ್ಷವರ್ಷವೂ ಬೇಸಿಗೆಯ ಒಳಕ್ಕೆ ಸರಿಯುತ್ತಿದೆ. ಮೇ ತಿಂಗಳಲ್ಲಿ ಕೊಪ್ಪಳ, ಕುಷ್ಟಗಿಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸದಲ್ಲ. ಅಂಥ ದಿನ ಮೈಯೂ ಬಿಸಿ, ಮಾಂಸವೂ ಬಿಸಿ, ಮುಂದೆ ಕೆಂಡವೂ ಬಿಸಿ.

ಮೊದಲು ಜನರ ಪಟ್ಟಿ ಬರೆಯಿರಿ

ತಿಂಡಿಯ ಪಟ್ಟಿಗಿಂತ ಮೊದಲು ಬರುವವರ ಪಟ್ಟಿ ಬರೆದು, ಹೆಸರಿನ ಮುಂದೆ ಒಂದು ಮಾತು ಸೇರಿಸಿ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಬಿಪಿ, ಯಾರಿಗೆ ಮೂತ್ರಪಿಂಡದ ತೊಂದರೆ, ಯಾರು ಬಸುರಿ, ಯಾವ ಮಗುವಿಗೆ ಐದು ತುಂಬಿಲ್ಲ, ಯಾವ ಹಿರಿಯರಿಗೆ ಹಲ್ಲಿಲ್ಲ ಎಂಬುದನ್ನು ಗುರುತು ಮಾಡಿ.

ಸಕ್ಕರೆ ಕಾಯಿಲೆಯವರು ಮಧ್ಯಾಹ್ನದ ಊಟ ಬಿಡಬಾರದು, ಊಟ ಎದುರಿಗೆ ಬರುವವರೆಗೆ ಮಾತ್ರೆ ನುಂಗಬಾರದು, ಇನ್ಸುಲಿನ್ ಚುಚ್ಚಿಕೊಳ್ಳಬಾರದು. ಅವರಿಗಾಗಿ ರೊಟ್ಟಿ, ಬೇಳೆ ಮೊದಲೇ ಸಿದ್ಧವಿರಲಿ. ಕಬಾಬ್ ತಡವಾದರೆ ಅವರು ಕಾಯಬೇಕಾಗಿಲ್ಲ. ಬೆವರು, ನಡುಕ, ತಡವರಿಸುವ ಮಾತು ಕಂಡರೆ ಮೂರು ಚಹಾ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ಮಾಂಸ ತಿನ್ನಬಹುದೆಂದು ತಮ್ಮ ವೈದ್ಯರನ್ನು ಹಬ್ಬಕ್ಕೆ ಮೊದಲೇ ಕೇಳಲಿ. ಹೆಬ್ಬೆರಳು ಊದಿ ನೋಯುವ ನಿಕ್ರಿಸ್, ಅಂದರೆ ಗೌಟ್ ಇರುವವರಿಗೆ ಕಲೇಜಿ, ಗುರ್ದಾ ಬೇಡ. ಬಸುರಿಯರಿಗೆ ಒಳಗೆ ಹಸಿ ಉಳಿದ ಮಾಂಸ ಬೇಡವೇ ಬೇಡ. ಮಕ್ಕಳಿಗೆ ಸೀಖಿನಿಂದ ಬಿಡಿಸಿ, ಚಿಕ್ಕದಾಗಿ ಮುರಿದೇ ಕೊಡಿ.

ಎಷ್ಟು ಮಾಂಸ ಬೇಕು?

ಹಬ್ಬದ ಮನೆಯಲ್ಲಿ ಮಾಂಸಕ್ಕೆ ಕೊರತೆ ಇರುವುದಿಲ್ಲ. ಹಾಗಾಗಿಯೇ ಲೆಕ್ಕ ತಪ್ಪುತ್ತದೆ. ರೊಟ್ಟಿ, ತರಕಾರಿಯ ಜೊತೆಗೆ ಒಬ್ಬ ದೊಡ್ಡವರಿಗೆ ಮೂಳೆಯಿಲ್ಲದ ಹಸಿ ಮಾಂಸ 150 ಗ್ರಾಂ, ಮಕ್ಕಳಿಗೆ 75 ಗ್ರಾಂ ಸಾಕು. ಸುಟ್ಟಾಗ ತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಇಳಿಯುತ್ತದೆ; ದೊಡ್ಡವರ ತಟ್ಟೆಗೆ ಬರುವುದು ಸುಮಾರು 100 ಗ್ರಾಂ. 20 ಜನ ದೊಡ್ಡವರು, 10 ಮಕ್ಕಳಿದ್ದರೆ ಒಟ್ಟು ನಾಲ್ಕು ಕಿಲೋದ ಒಳಗೇ ಮುಗಿಯುತ್ತದೆ.

ನಾಲ್ಕು ಕಿಲೋ ಎಂದರೆ ಮನೆಯಲ್ಲಿ ಯಾರಾದರೂ ನಕ್ಕೇ ನಗುತ್ತಾರೆ. ಹೊಟ್ಟೆಯ ಮೂರರಲ್ಲಿ ಒಂದು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಅವರಿಗೆ ನೆನಪಿಸಿ. ಮಿಕ್ಕ ಮಾಂಸ ಬಂಧುಗಳಿಗೂ ಬಡವರಿಗೂ ತಲುಪಲಿ. ಖುರ್ಬಾನಿಯಲ್ಲಿ ಅವರ ಪಾಲೂ ಇದೆಯಲ್ಲವೇ.

30 ಜನರ ಊಟದ ಪಟ್ಟಿ

ನಮ್ಮ ಮನೆಯಲ್ಲಿ ಈಗ ನಡೆಯುವ ಪಟ್ಟಿ ಇದು. ನಿಮ್ಮ ರುಚಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಬಂದ ಕೂಡಲೇ: ಮಾವಿನಕಾಯಿ ಪಾನಕ ಅಥವಾ ಜೀರಿಗೆ ಹಾಕಿದ ಮಜ್ಜಿಗೆ, ಹೆಚ್ಚಿದ ಸವತೆಕಾಯಿ, ಕುದಿಸಿದ ಶೇಂಗಾ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಕೆಂಡದ ಮೇಲೆ: ಖೀಮಾದ ಸೀಖ್ ಕಬಾಬ್ ಒಂದೂವರೆ ಕಿಲೋ, ಬೋಟಿ ಕಬಾಬ್ ಒಂದು ಕಿಲೋ, ಮೂಳೆಯಿಲ್ಲದ ಕೋಳಿ ಒಂದೂವರೆ ಕಿಲೋ. ಕೋಳಿ ಮುಖ್ಯವಾಗಿ ಮಕ್ಕಳಿಗೆ, ಹಲ್ಲಿಲ್ಲದ ಹಿರಿಯರಿಗೆ.

ತರಕಾರಿ: ಬದನೆಕಾಯಿ ಎರಡು ಕಿಲೋ, ಉಳ್ಳಾಗಡ್ಡಿ, ಟೊಮೆಟೊ, ಡಬ್ಬು ಮೆಣಸಿನಕಾಯಿ ಸೇರಿ ಎರಡು ಕಿಲೋ, ಸಿಕ್ಕರೆ ಗೋವಿನಜೋಳದ ತೆನೆ. ಸುಟ್ಟ ಬದನೆಕಾಯಿಯ ಸಿಪ್ಪೆ ತೆಗೆದು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಲಿಂಬೆರಸ ಸೇರಿಸಿ ಕಲಸಿಡಿ. ಕಬಾಬಿಗೆ ಇದಕ್ಕಿಂತ ಒಳ್ಳೆಯ ಜೊತೆ ನಾನು ಕಂಡಿಲ್ಲ.

ರೊಟ್ಟಿ: ಬಿಸಿ ಜೋಳದ ರೊಟ್ಟಿ, ಬೇಕಾದವರಿಗೆ ಸಜ್ಜೆ ರೊಟ್ಟಿ. ಕುಷ್ಟಗಿ, ಯಲಬುರ್ಗಾದ ಒಣಭೂಮಿ ನಮಗೆ ಕೊಟ್ಟ ಆಹಾರ ಇದು. ಮೈದಾದ ರುಮಾಲಿ ರೊಟ್ಟಿ, ಪರೋಟದಲ್ಲಿ ಇಲ್ಲದ ನಾರು ಇದರಲ್ಲಿದೆ. ಮರುದಿನದ ಮಲಬದ್ಧತೆಗೆ ಈ ನಾರೇ ಮದ್ದು.

ಬದಿಗೆ: ಗಟ್ಟಿ ಮೊಸರಿನ ಪುದೀನ ಚಟ್ನಿ, ಮೂಲಂಗಿ, ಹಸಿ ಮೆಂತ್ಯಸೊಪ್ಪಿನ ಪಚಡಿ, ಲಿಂಬೆ. ಹಸಿ ತಿನ್ನುವ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ.

ಕೊನೆಗೆ: ಕಲ್ಲಂಗಡಿ ಅಥವಾ ದಾಳಿಂಬೆ. ಕುಷ್ಟಗಿ ಭಾಗದಲ್ಲೇ ದಾಳಿಂಬೆ ಬೆಳೆಯುವಾಗ ಬಣ್ಣದ ಐಸ್‌ಕ್ರೀಮ್‌ ಏಕೆ?

"ಬಿರಿಯಾನಿ ಇಲ್ಲದ ದಾವತ್ ದಾವತೇ ಅಲ್ಲ" ಎನ್ನುವವರು ನಮ್ಮಲ್ಲೂ ಇದ್ದಾರೆ, ಅದರಲ್ಲೂ ಗಂಗಾವತಿಯ ಸೋನಾ ಮಸೂರಿ ತಿಂದು ಬೆಳೆದವರು. ಬಿರಿಯಾನಿ ಬೇಕಿದ್ದರೆ ಇನ್ನೊಂದು ದಿನ ಮಾಡಿ. ಕಬಾಬ್, ಬಿರಿಯಾನಿ, ಶೀರ್ ಖುರ್ಮಾ ಮೂರೂ ಒಂದೇ ರಾತ್ರಿ ಹೊಟ್ಟೆಗೆ ಇಳಿದಾಗಲೇ ಜನ ನನ್ನ ದವಾಖಾನೆಗೆ ಬರುವುದು.

ತಂಪು ಪಾನೀಯದ ಬಾಟಲಿ ಬೇಡ. 250 ಮಿಲಿಲೀಟರಿನ ಒಂದು ಕೋಲಾದಲ್ಲಿ ಐದಾರು ಚಹಾ ಚಮಚ ಸಕ್ಕರೆ ಇರುತ್ತದೆ. ಅದರ ಬದಲು ಹಳೆಯ ಹಕೀಮರ ಸಿಕಂಜಬೀನ್ ಮಾಡಿ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಜೇನು, ಎರಡು ದೊಡ್ಡ ಚಮಚ ಸಿರ್ಕಾ, ಒಂದು ಹಿಡಿ ಪುದೀನ. ಹೊಟ್ಟೆಹುಣ್ಣು ಇರುವವರಿಗೆ ಸಿರ್ಕಾ ಬೇಡ, ಸಕ್ಕರೆ ಕಾಯಿಲೆಯವರಿಗೆ ಜೇನು ಬೇಡ. ಅವರಿಗೆ ಮಜ್ಜಿಗೆ ಇದೆ.

ನೆರೆಯ ಲಿಂಗಾಯತ ಕುಟುಂಬವನ್ನೋ ಇತರ ಸಸ್ಯಾಹಾರಿ ಗೆಳೆಯರನ್ನೋ ಕರೆದಿದ್ದರೆ ಅವರ ತರಕಾರಿಗೆ ಬೇರೆ ಒಲೆ, ಬೇರೆ ಸೀಖ್, ಬೇರೆ ಚಿಮಟ ಇಡಿ. ಕರೆದ ಮೇಲೆ ಅವರು ಅನುಮಾನಪಡದೆ ತಿನ್ನುವಂತಿರಬೇಕು.

ಮಸಾಲೆ, ಉಪ್ಪು, ಬಣ್ಣ

ಒಂದು ಕಿಲೋ ಖೀಮಾಗೆ ಹಿಂಡಿ ನೀರು ತೆಗೆದ ಉಳ್ಳಾಗಡ್ಡಿ ಎರಡು, ಶುಂಠಿ ಬೆಳ್ಳುಳ್ಳಿ ಎರಡು ದೊಡ್ಡ ಚಮಚ, ಹಸಿಮೆಣಸಿನಕಾಯಿ ನಾಲ್ಕು, ಕೊತ್ತಂಬರಿ ಪುದೀನ ತಲಾ ಒಂದು ಹಿಡಿ, ಪುಟಾಣಿ ಹಿಟ್ಟು ಮೂರು ದೊಡ್ಡ ಚಮಚ, ಗರಂ ಮಸಾಲೆ ಒಂದು ಚಹಾ ಚಮಚ, ಚಿಟಿಕೆ ಅಜವಾನ. ಉಪ್ಪು ಒಂದೂವರೆ ಚಹಾ ಚಮಚ ಮೀರಬಾರದು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪಿನೊಳಗೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಸಾಲೆಗೆ, ಚಟ್ನಿಗೆ, ಮಜ್ಜಿಗೆಗೆ ಎಲ್ಲಕ್ಕೂ ಕೈತುಂಬ ಉಪ್ಪು ಹಾಕಿದರೆ ಬಿಪಿ ಇರುವವರಿಗೆ ಆ ರಾತ್ರಿಯೇ ತೊಂದರೆ.

ಬೋಟಿ ಮೆತ್ತಗಾಗಲು ಹಸಿ ಪಪ್ಪಾಯಿ ಅರೆದು ಕಿಲೋಗೆ ಒಂದು ದೊಡ್ಡ ಚಮಚ ಹಾಕಿ, ಎರಡು ಮೂರು ಗಂಟೆ ಬಿಟ್ಟರೆ ಸಾಕು. ರಾತ್ರಿಯಿಡೀ ಬಿಟ್ಟರೆ ಮಾಂಸ ಹಿಟ್ಟಿನಂತಾಗುತ್ತದೆ. ಬಸುರಿಯರ ಪಾಲನ್ನು ಪಪ್ಪಾಯಿ ಬಿಟ್ಟು ಬರೀ ಮೊಸರಿನಲ್ಲಿ ನೆನೆಸಿಡಿ.

ಕೆಂಪು ಬಣ್ಣದ ಪುಡಿ ಹಾಕಲೇಬೇಡಿ. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಕಬಾಬಿನ 39 ಮಾದರಿ ಪರೀಕ್ಷಿಸಿದಾಗ 8ರಲ್ಲಿ ಕೃತಕ ಬಣ್ಣ ಸಿಕ್ಕಿ ಅವು ಅಸುರಕ್ಷಿತ ಎನಿಸಿಕೊಂಡವು. 2024ರ ಜೂನ್‌ನಲ್ಲಿ ರಾಜ್ಯದಾದ್ಯಂತ ಕಬಾಬಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಲಾಯಿತು. ಅಂಗಡಿಯಲ್ಲಿ ನಿಷೇಧವಾದದ್ದನ್ನು ಮನೆಯಲ್ಲಿ ನಾವೇ ಮಕ್ಕಳಿಗೆ ತಿನ್ನಿಸುವುದು ಸರಿಯೇ? ಕೆಂಪು ಬೇಕಿದ್ದರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಅರೆಯಿರಿ. ಖಾರ ಕಡಿಮೆ, ಬಣ್ಣ ಹೆಚ್ಚು.

ಹಸಿ ಮಾಂಸ ಮತ್ತು ಬಿಸಿಲು

ರೋಗಾಣುಗಳು 5ರಿಂದ 60 ಡಿಗ್ರಿ ಶಾಖದ ನಡುವೆ ವೇಗವಾಗಿ ಬೆಳೆಯುತ್ತವೆ. ಹಸಿ ಮಾಂಸವಾಗಲಿ ಬೆಂದದ್ದಾಗಲಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗಿನ ಶಾಖ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ನಮ್ಮ ಬೇಸಿಗೆಯಲ್ಲಿ ಸಂಜೆಯೂ ಆ ಲೆಕ್ಕಕ್ಕೇ ಬರುತ್ತದೆ. ಬೆಳಿಗ್ಗೆ ಮಸಾಲೆ ಹಚ್ಚಿ, ಬೋಗುಣಿಗೆ ತಟ್ಟೆ ಮುಚ್ಚಿ, ಸಂಜೆಯವರೆಗೆ ಅಡುಗೆಮನೆಯಲ್ಲಿ ಇಡುವ ರೂಢಿ ಬಿಡಬೇಕು. ಮಸಾಲೆ ನೆನೆಯಬೇಕಾದದ್ದು ಫ್ರಿಜ್‌ನಲ್ಲಿ.

ಫ್ರಿಜ್‌ಗೂ ಮಿತಿ ಇದೆ. ಹಬ್ಬದ ದಿನ ಐದಾರು ಕಿಲೋ ಬಿಸಿ ಮಾಂಸವನ್ನು ಒಂದೇ ಚೀಲದಲ್ಲಿ ತುರುಕಿದರೆ ನಡುವಿನ ಭಾಗ ತಂಪಾಗಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಅದು ಕೆಡಲು ಶುರುವಾಗಿರುತ್ತದೆ. ಅರ್ಧ ಅರ್ಧ ಕಿಲೋದ ಚಪ್ಪಟೆ ಪೊಟ್ಟಣ ಮಾಡಿ, ನಡುವೆ ಗಾಳಿಯಾಡುವಂತೆ ಇಡಿ. ಈಗತಾನೆ ಕೊಯ್ದ ಮಾಂಸ ಬಿಗಿದುಕೊಳ್ಳುವುದರಿಂದ ಕಬಾಬಿಗೆ ಅದೇ ದಿನಕ್ಕಿಂತ ಮರುದಿನವೇ ಒಳ್ಳೆಯದು. ಮಂಜುಗಟ್ಟಿದ ಮಾಂಸವನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿ. ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ.

ಕೋಳಿಯನ್ನು ಜೋರು ನಲ್ಲಿಯ ಕೆಳಗೆ ತೊಳೆದರೆ ಅದರ ನೀರು ಸಿಡಿದು ಸುತ್ತಲಿನ ಪಾತ್ರೆ, ಸೊಪ್ಪು ಎಲ್ಲಕ್ಕೂ ತಾಗುತ್ತದೆ. ತೊಳೆಯಲೇಬೇಕೆಂದಿದ್ದರೆ ಬೇರೆ ಬೋಗುಣಿಯಲ್ಲಿ ನಿಧಾನವಾಗಿ ತೊಳೆದು ಬೋಗುಣಿಯನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಿರಿ. ಹಸಿ ಮಾಂಸದ ತಟ್ಟೆ ಬೇರೆ, ಸುಟ್ಟ ಕಬಾಬಿನ ತಟ್ಟೆ ಬೇರೆ. ಮಾಂಸ ನೆನೆದಿದ್ದ ಮಸಾಲೆಯನ್ನು ಬೇಯುತ್ತಿರುವ ಕಬಾಬಿಗೆ ಕೊನೆಯಲ್ಲಿ ಹಚ್ಚಬೇಡಿ, ಚಟ್ನಿಗಂತೂ ಬೆರೆಸಲೇಬೇಡಿ.

ಕಲೇಜಿಯ ವಿಷಯ

ಹಬ್ಬದ ದಿನ ಕೆಂಡಕ್ಕೆ ಮೊದಲು ಬೀಳುವುದು ಕಲೇಜಿ. ಅದನ್ನು ಕೊಯ್ಯುವಾಗ ಒಳಗೆ ನೀರು ತುಂಬಿದ ಬಿಳಿ ಗುಳ್ಳೆ, ಚೀಲದಂಥದ್ದು ಕಂಡರೆ ಆ ಕಲೇಜಿ ತಿನ್ನಬೇಡಿ. ಪುಪ್ಪುಸದಲ್ಲೂ ಇಂಥ ಗುಳ್ಳೆ ಇರಬಹುದು. ಅದು ಒಂದು ಬಗೆಯ ಲಾಡಿಹುಳುವಿನ ಮರಿಗಳಿರುವ ಚೀಲ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆದು, ಮೊಟ್ಟೆಗಳು ಮಲದ ಮೂಲಕ ಮಣ್ಣಿಗೆ, ಸೊಪ್ಪಿಗೆ, ಮಕ್ಕಳ ಕೈಗೆ ಬರುತ್ತವೆ. ಮನುಷ್ಯನ ಪಿತ್ತಜನಕಾಂಗದಲ್ಲೂ ಇಂಥ ಗುಳ್ಳೆ ಬೆಳೆದು ಆಪರೇಷನ್‌ವರೆಗೆ ಹೋಗಬಹುದು. ಆದ್ದರಿಂದ ಅದನ್ನು ಬೀದಿನಾಯಿಗೆ ಎಸೆಯದೆ, ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಇದು ನಿಮ್ಮ ಓಣಿಯ ಎಲ್ಲ ಮಕ್ಕಳ ಆರೋಗ್ಯದ ಪ್ರಶ್ನೆ.

ಕೆಂಡ, ಹೊಗೆ, ಕಲ್ಲು

ಒಣಗಿದ ಜಾಲಿ ಇದ್ದಿಲು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಬಣ್ಣ ಬಳಿದ ಕಟ್ಟಿಗೆ, ಪ್ಲೈವುಡ್, ಪ್ಲಾಸ್ಟಿಕ್ ಸುಡಬೇಡಿ. ಸೀಮೆಎಣ್ಣೆ, ಪೆಟ್ರೋಲ್ ಸುರಿಯಲೇಬೇಡಿ. ಜ್ವಾಲೆ ಇಳಿದು, ಇದ್ದಿಲಿನ ಮೇಲೆ ಬೂದಿಯ ಬಿಳಿ ಪದರ ಬಂದ ಮೇಲೆ ಮಾಂಸ ಇಡಿ. ಇದಕ್ಕೆ 40 ನಿಮಿಷವಾದರೂ ಬೇಕು. ನಾನು ಅಂದು ತಪ್ಪಿದ್ದು ಈ ಲೆಕ್ಕದಲ್ಲೇ.

ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲೂ, ಮಾಂಸ ಕಪ್ಪಗೆ ಕರಕಲಾದ ಕಡೆಯೂ ಕ್ಯಾನ್ಸರಿಗೆ ದಾರಿ ಮಾಡಬಲ್ಲ ವಸ್ತುಗಳು ಹುಟ್ಟುತ್ತವೆ. ವರ್ಷಕ್ಕೊಮ್ಮೆ ತಿನ್ನುವವರು ಹೆದರಬೇಕಾಗಿಲ್ಲ, ಆದರೆ ಕಡಿಮೆ ಮಾಡುವುದು ನಮ್ಮ ಕೈಯಲ್ಲೇ ಇದೆ. ಹೆಚ್ಚಿನ ಕೊಬ್ಬು ಕತ್ತರಿಸಿ ತೆಗೆಯಿರಿ. ತುಂಡು ಚಿಕ್ಕದಿರಲಿ. ಲಿಂಬೆ, ಮೊಸರು, ಬೆಳ್ಳುಳ್ಳಿ, ಮಸಾಲೆಯಲ್ಲಿ ನೆನೆಸಿ. ಇದರಿಂದ ರುಚಿ ಹೆಚ್ಚುವುದಲ್ಲದೆ ಆ ವಸ್ತುಗಳೂ ಕಡಿಮೆಯಾಗುತ್ತವೆ. ಸೀಖನ್ನು ಆಗಾಗ ತಿರುಗಿಸಿ. ಕರಕಲು ಭಾಗವನ್ನು ಕೆರೆದು ಬಿಸಾಡಿ.

ಕಪ್ಪಾಗಬಾರದು ಎಂದು ಹಸಿಯಾಗಿಯೂ ತೆಗೆಯಬಾರದು. ಕೋಳಿಯ ಒಳಗಿನ ಶಾಖ 74 ಡಿಗ್ರಿ, ಖೀಮಾದ್ದು 71 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ದಪ್ಪ ತುಂಡೊಂದನ್ನು ಮುರಿದು ನೋಡಿ. ರಸ ತಿಳಿಯಾಗಿದ್ದು, ಎಲ್ಲೂ ಗುಲಾಬಿ ಬಣ್ಣ ಉಳಿದಿರಬಾರದು.

ನಮ್ಮ ಜಿಲ್ಲೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈದರಾಬಾದಿನ 'ಪತ್ಥರ್ ಕಾ ಗೋಶ್ತ್' ನಮ್ಮ ಕೆಲವು ಮನೆಗಳಿಗೂ ಅಚ್ಚುಮೆಚ್ಚು. ಗ್ರಾನೈಟ್ ಕಲ್ಲಿನ ನಾಡಿನಲ್ಲಿ ಹಾಸುಗಲ್ಲಿಗೆ ಬರವಿಲ್ಲ. ಕಲ್ಲಿನ ಮೇಲೆ ಸುಡುವುದರಿಂದ ಕೊಬ್ಬು ನೇರ ಕೆಂಡಕ್ಕೆ ಬೀಳುವುದಿಲ್ಲ, ಅದೊಂದು ಲಾಭ. ಆದರೆ ಹಳ್ಳದ ಹಸಿ ಕಲ್ಲು ಬೇಡ. ಒಳಗಿನ ನೀರು ಹಬೆಯಾಗಿ ಕಲ್ಲು ಸಿಡಿದೀತು. ಮನೆ ಕಟ್ಟಿಸಿ ಉಳಿದ ಪಾಲಿಶ್ ಕಲ್ಲೂ ಬೇಡ, ಅದಕ್ಕೆ ರಾಸಾಯನಿಕ ಬಳಿದಿರಬಹುದು. ಒಣಗಿದ ಒರಟು ಕಲ್ಲನ್ನು ತೊಳೆದು ಒಣಗಿಸಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ.

ಒಲೆ ಬಣವಿಯಿಂದ, ಕಣದಿಂದ ದೂರವಿರಲಿ. ಪಕ್ಕದಲ್ಲಿ ಎರಡು ಬಕೆಟ್ ನೀರು ಇರಲಿ. ಅಡ್ಡಮಳೆ ಬಂತೆಂದು ಕೆಂಡವಿರುವ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ತರಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೆ ಹೋಗಬಹುದು. ಕೈ ಸುಟ್ಟರೆ ಉಂಗುರ, ಬಳೆ ತೆಗೆದು 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚಬೇಡಿ.

ಗಡಿಯಾರದ ಪಟ್ಟಿ

ಮೇ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು 6:50ರ ಆಸುಪಾಸು. ಅದಕ್ಕೆ ಹೊಂದಿಸಿದ ಪಟ್ಟಿ ಇದು.

1:30 - ಎಲ್ಲರಿಗೂ ಹಗುರ ಊಟ: ರೊಟ್ಟಿ, ಬೇಳೆ, ಮಜ್ಜಿಗೆ. ಯಾರೂ ಬಿಡುವಂತಿಲ್ಲ.
3:30 - ಬೋಟಿಗೆ ಪಪ್ಪಾಯಿ, ಮಸಾಲೆ ಹಚ್ಚಿ ಮತ್ತೆ ಫ್ರಿಜ್‌ಗೆ.
5:30 - ಅತಿಥಿಗಳಿಗೆ ಪಾನಕ, ಸವತೆಕಾಯಿ.
5:45 - ಇದ್ದಿಲು ಹೊತ್ತಿಸುವುದು.
6:25 - ಬದನೆಕಾಯಿ, ತರಕಾರಿ, ಕೋಳಿ ಕೆಂಡಕ್ಕೆ. ಒಬ್ಬರು ಒಲೆ ಬಿಟ್ಟು ಹೋಗದಿರಲಿ. ಸರದಿಯಲ್ಲಿ ನಮಾಝ್ ಮಾಡಲಿ.
7:05 - ಹಿರಿಯರಿಗೆ, ಮಕ್ಕಳಿಗೆ ಮೊದಲ ತಟ್ಟೆ.
7:15 - ಸೀಖ್, ಬೋಟಿ; ಉಳಿದವರ ಊಟ.
8:15 - ಕೊನೆಯ ಸೀಖ್. ಉಳಿದದ್ದು ಕೂಡಲೇ ಫ್ರಿಜ್‌ಗೆ.

ಒಲೆಯ ಮುಂದೆ ಒಬ್ಬರೇ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲದಂತೆ ಸರದಿ ಮಾಡಿ, ನಿಂತವರಿಗೆ ನೀರು ಕೊಡುತ್ತಿರಿ. ಒಳಗೆ ರೊಟ್ಟಿ ಬಡಿಯುವ ಅಕ್ಕ, ಭಾಭಿಯರೂ ಒಲೆಯ ಮುಂದೆಯೇ ಇದ್ದಾರೆ ಎಂಬುದು ಹೊರಗೆ ಕುಳಿತವರ ಗಮನಕ್ಕೆ ಬರುವುದಿಲ್ಲ. ಅವರು ಎಲ್ಲರಿಗೂ ಬಡಿಸಿ ಹತ್ತೂವರೆಗೆ ತಣ್ಣಗಾದ ತುಣುಕು ತಿನ್ನುವ ಪದ್ಧತಿ ನಿಲ್ಲಲಿ. ರೊಟ್ಟಿಯಲ್ಲಿ ಅರ್ಧವನ್ನು ಮಧ್ಯಾಹ್ನವೇ ಮಾಡಿಟ್ಟರೆ ಅವರೂ ಏಳೂವರೆಗೆ ಕುಳಿತು ಉಣ್ಣಬಹುದು.

ಊಟದ ನಂತರ

ಉಂಡ ಕೂಡಲೇ ಮಲಗಬೇಡಿ. ಊಟದ ನಂತರದ ನಡಿಗೆಗೆ ಹಿರಿಯರು 'ಚಹಲ್‌ಕದಮಿ', ಅಂದರೆ ನಲವತ್ತು ಹೆಜ್ಜೆ ಎಂದು ಹೆಸರಿಟ್ಟಿದ್ದಾರೆ. ಓಣಿಯ ಕೊನೆಯವರೆಗೆ ನಿಧಾನವಾಗಿ ಹೋಗಿ ಬನ್ನಿ. ಮಲಗಲು ಎರಡು ಗಂಟೆಯಾದರೂ ಬಿಡುವಿರಲಿ. ಹೊಟ್ಟೆ ಭಾರವೆನಿಸಿದರೆ ಬಡೇಸೋಪು ಕುದಿಸಿದ ನೀರು ಕುಡಿಯಿರಿ. ಜವಾರಿಶ್ ಕಮೂನಿ, ಜವಾರಿಶ್ ಜಾಲಿನೂಸ್ ಒಳ್ಳೆಯ ಔಷಧಿಗಳೇ. ಆದರೆ ಅವುಗಳಲ್ಲಿ ಸಕ್ಕರೆ ಅಥವಾ ಜೇನಿನ ಪಾಕ ಇರುವುದರಿಂದ ಸಕ್ಕರೆ ಕಾಯಿಲೆಯವರು ಕೇಳದೆ ತೆಗೆದುಕೊಳ್ಳಬಾರದು. "ಯುನಾನಿ ಔಷಧಿ, ಏನೂ ಆಗುವುದಿಲ್ಲ" ಎಂಬ ಮಾತನ್ನು ಯುನಾನಿ ವೈದ್ಯನಾದ ನಾನೇ ಒಪ್ಪುವುದಿಲ್ಲ.

ಭೇದಿ, ವಾಂತಿ ಶುರುವಾದರೆ ಓಆರ್‌ಎಸ್ ಕೊಡುತ್ತಿರಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಫುಪ್ಪು ಈ ವರ್ಷವೂ ಬರುತ್ತಿದ್ದಾರೆ. ಆ ರಾತ್ರಿ ಚೇತರಿಸಿಕೊಂಡ ಮೇಲೆ ಅವರು ನನಗೆ, "ಬೇಟಾ, ಕಬಾಬ್ ಚೆನ್ನಾಗಿತ್ತು, ತಡವಾಯಿತು ಅಷ್ಟೇ" ಎಂದಿದ್ದರು. ನಮ್ಮ ಮನೆಯ ಮಕ್ಕಳು ಈಗ 7:05ರ ಮೊದಲ ತಟ್ಟೆಗೆ 'ಫುಪ್ಪು ತಟ್ಟೆ' ಎಂದೇ ಹೆಸರಿಟ್ಟಿದ್ದಾರೆ. ಒಂದು ರೊಟ್ಟಿ, ಸುಟ್ಟ ಬದನೆಕಾಯಿ, ಸವತೆಕಾಯಿ, ಮೂರು ತುಂಡು ಕೋಳಿ. ಅದು ಹೋದ ಮೇಲೆಯೇ ಉಳಿದವರ ತಟ್ಟೆ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಇಂದೇ ಅವರಿಗೆ ಫೋನ್ ಮಾಡಿ, ಮಾತ್ರೆ ಎಷ್ಟು ಹೊತ್ತಿಗೆ ನುಂಗುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಪಟ್ಟಿಯ ಮೊದಲ ಸಾಲು ಅದೇ ಆಗಿರಲಿ.